ಮಳೆಗೂ ಇಬ್ಬನಿಗೂ ನಡುವಿನ ಸೌತೆ

ಚೌತಿ ಕಳೆದು ಎರಡು ವಾರ ಆಗುವಷ್ಟರಲ್ಲಿ ಅಂಗಳದ ಸೌತೆಬಳ್ಳಿಗೆ ವಯಸ್ಸಾಗಿಬಿಡುತ್ತದೆ. ಬುಡದ ಎಲೆಗಳು ಸುಟ್ಟಂತೆ ಒಣಗುತ್ತವೆ, ತುದಿಯಲ್ಲಿ ನಾಲ್ಕು ಹಸುರೆಲೆ ಉಳಿದಿರುತ್ತವೆ, ಕೊನೆಯ ಒಂದೆರಡು ಕಾಯಿ ಸೊಟ್ಟಗಾಗಿ ನೇತಾಡುತ್ತಿರುತ್ತವೆ. ಗಣಪತಿಯ ಮೇಲೆ ಕಟ್ಟುವ ಫಲಾವಳಿಗೆ ಒಂದು ಒಳ್ಳೆಯ ಕಾಯಿ ಸಿಕ್ಕಿತಲ್ಲ, ಬಳ್ಳಿಯ ಋಣ ತೀರಿತು ಎಂದು ಕುಮಟಾ, ಅಂಕೋಲಾ ಕಡೆಯ ಎಷ್ಟೋ ಮನೆಗಳಲ್ಲಿ ಅದನ್ನು ಕಿತ್ತು ಗೊಬ್ಬರಗುಂಡಿಗೆ ಹಾಕುತ್ತಾರೆ. ಕಾರವಾರದ ಕೊಂಕಣಿ ಮನೆಗಳಲ್ಲಿ ಮಾಟೊಳಿಗೆ, ಅಂದರೆ ಅವರ ಫಲಾವಳಿಗೆ, ಕಟ್ಟಿದ ತವಸೆಯ (ಸೌತೆಯ) ಕತೆಯೂ ಅದೇ. ಅಲ್ಲಿಂದ ಮುಂದೆ ಸೌತೆ ಬೇಕೆಂದರೆ ಪೇಟೆಯ ದಾರಿ.

ಆದರೆ ನಮ್ಮ ಉತ್ತರ ಕನ್ನಡದ ಕರಾವಳಿಯಲ್ಲಿ ಸೌತೆಗೆ ಒದಗುವ ಅತಿ ಒಳ್ಳೆಯ ದಿನಗಳು ಶುರುವಾಗುವುದೇ ಆ ಬಳ್ಳಿ ಕಿತ್ತ ಮೇಲೆ. ಮಳೆಗಾಲದ ಸೌತೆ ನಮಗೆ ರೂಢಿಯ ಬೆಳೆ, ಬೇಸಗೆಯ ಸೌತೆ ಪೇಟೆಯ ಬೆಳೆ. ಇವೆರಡರ ನಡುವೆ ಅಕ್ಟೋಬರಿನಿಂದ ಜನವರಿಯವರೆಗಿನ ಸೌತೆ ಇದೆಯಲ್ಲ, ಅದನ್ನು ಹಿತ್ತಲಿನಲ್ಲಿ ಬೆಳೆಯುವವರು ಕಡಿಮೆ. ಗೋಕರ್ಣ, ಅಂಕೋಲಾ ಸುತ್ತಿನ ಹೊಯ್ಗೆ (ಮರಳು) ನೆಲದಲ್ಲಿ ತಲೆಮಾರುಗಳಿಂದ ತರಕಾರಿ ಮಾಡಿಕೊಂಡು ಬಂದ ಹಾಲಕ್ಕಿ ಕುಟುಂಬಗಳಿಗೆ ಈ ಕಾಲದ ಬೆಲೆ ಚೆನ್ನಾಗಿ ಗೊತ್ತು. ಉಳಿದ ನಮಗೂ ಗೊತ್ತಾಗಬೇಕು ಎಂಬುದು ನನ್ನ ಆಸೆ. ಏಕೆ ಈ ಕಾಲ, ಯಾವ ದಿನ ಬೀಜ ಊರಬೇಕು, ಎಲ್ಲಿ ಎಡವುತ್ತೇವೆ ಎಂಬುದನ್ನು ಕಾರಣ ಸಮೇತ ಹೇಳಲು ಪ್ರಯತ್ನಿಸುತ್ತೇನೆ.

ಚಳಿ ದೇಶಗಳಲ್ಲಿ ಶರತ್ಕಾಲದ ಸೌತೆಗೆ ಒಂದೇ ಲೆಕ್ಕ. ಮೊದಲ ಹಿಮ ಬೀಳುವ ದಿನ ಯಾವುದು ಎಂದು ನೋಡಿ, ಅಲ್ಲಿಂದ ಹಿಂದಕ್ಕೆ ದಿನ ಎಣಿಸಿ ಬಿತ್ತುತ್ತಾರೆ. ಸೌತೆ ಸೆಖೆಯ ನಾಡಿನ ಬಳ್ಳಿ, ಹುಟ್ಟಿದ್ದೇ ನಮ್ಮ ದೇಶದಲ್ಲಿ. ಹಿಮಾಲಯದ ತಪ್ಪಲಿನಲ್ಲಿ ಅದರ ಕಾಡುಮೂಲ ಈಗಲೂ ಕಹಿಕಾಯಿ ಬಿಡುತ್ತಾ ಬೆಳೆಯುತ್ತದೆ. ಉಷ್ಣಾಂಶ 10–12 ಡಿಗ್ರಿ ಸೆಲ್ಸಿಯಸ್‌ಗೆ ಇಳಿದರೆ ಅದರ ಎಲೆಗೂ ಕಾಯಿಗೂ ಪೆಟ್ಟು. ನಮ್ಮಲ್ಲಿ ಆ ಭಯವೇ ಇಲ್ಲ. ಕಾರವಾರದಿಂದ ಭಟ್ಕಳದವರೆಗೆ ಡಿಸೆಂಬರಿನ ನಸುಕಿನಲ್ಲೂ 18–20 ಡಿಗ್ರಿ ಇರುತ್ತದೆ, ಮಧ್ಯಾಹ್ನ 30 ದಾಟುತ್ತದೆ. ಸೌತೆ ಕೇಳುವುದೂ ಹೆಚ್ಚುಕಡಿಮೆ ಅಷ್ಟನ್ನೇ.

ಹಾಗಾದರೆ ವರ್ಷವಿಡೀ ಬೆಳೆಯಬಹುದಲ್ಲ? ಇಲ್ಲ. ನಮ್ಮಲ್ಲಿ ಸೌತೆಯ ಭವಿಷ್ಯ ಬರೆಯುವುದು ಚಳಿಯಲ್ಲ, ನೀರು. ನೀರು ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿದೆ ಎನ್ನುವುದು ಮುಖ್ಯ. ಸೌತೆಗೆ ಬೇರಿನ ಬಳಿ ತೇವ ಬೇಕು, ಎಲೆಯ ಮೇಲೆ ತೇವ ಬೇಡ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ಈ ಅಂಚಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇರೂ ಎಲೆಯೂ ಎರಡೂ ಒದ್ದೆ. ಮಾರ್ಚ್, ಏಪ್ರಿಲ್‌ನಲ್ಲಿ ಎಲೆ ಒಣಗಿರುತ್ತದೆ, ಆದರೆ ಬಾವಿಯೂ ತಳ ಕಂಡಿರುತ್ತದೆ. ಕಡಲಿಗೆ ಹತ್ತಿರವಿದ್ದರೆ ಉಳಿದ ನೀರಿಗೂ ಉಪ್ಪು ಹತ್ತಿರುತ್ತದೆ. ಎಲೆ ಒಣ, ಬೇರು ಹಸಿ ಎಂಬ ಎರಡೂ ಸ್ಥಿತಿ ಒಟ್ಟಿಗೆ ಕೂಡಿಬರುವುದು ಅಕ್ಟೋಬರ್ ನಡುವಿನಿಂದ ಜನವರಿಯವರೆಗೆ ಮಾತ್ರ. ಅಲ್ಲೂ ಒಂದು ಕಂಟಕ ಕಾದಿದೆ, ಇಬ್ಬನಿ. ಅದರ ಮಾತು ಮುಂದೆ ಬರುತ್ತದೆ.

ಬಾವಿಯ ವಿಚಾರ ಇನ್ನೊಂದಿಷ್ಟು ಹೇಳಬೇಕು. ಗಂಗಾವಳಿ, ಅಘನಾಶಿನಿಗಳ ಅಳಿವೆಯ ಆಸುಪಾಸು, ಕಡಲತೀರದ ಹೊಯ್ಗೆದಿಣ್ಣೆಗಳ ಹಿಂದೆ ಇರುವ ಬಾವಿಗಳಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುವ ಪದರದಂತೆ ನಿಂತಿರುತ್ತದೆ. ನಾಲ್ಕು ತಿಂಗಳ ಮಳೆ ನೆಲಕ್ಕೆ ಇಳಿದು ಆ ಪದರವನ್ನು ದಪ್ಪ ಮಾಡುತ್ತದೆ, ಉಪ್ಪನ್ನು ಕೆಳಕ್ಕೂ ಕಡಲಿನ ಕಡೆಗೂ ದಬ್ಬುತ್ತದೆ. ಅಕ್ಟೋಬರಿನಲ್ಲಿ ಆ ಪದರ ಅತಿ ದಪ್ಪ. ನಾವು ಪಂಪು ಹಾಕಿ ಎತ್ತುತ್ತಾ ಹೋದಂತೆ ತೆಳ್ಳಗಾಗಿ, ಬೇಸಗೆಗೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಸೌತೆ ಉಪ್ಪು ತಾಳುವ ಬಳ್ಳಿಯಲ್ಲ. ಬೇರಿನ ಸುತ್ತಲ ಮಣ್ಣಿನ ಲವಣಾಂಶ ಮೀಟರಿಗೆ 2.5 ಡೆಸಿಸೀಮೆನ್ಸ್ (ಉಪ್ಪಿನಂಶ ಅಳೆಯುವ ಮಾನ) ದಾಟಿದರೆ ಇಳುವರಿ ಇಳಿಯತೊಡಗುತ್ತದೆ, ಆಮೇಲೆ ಒಂದೊಂದು ಡೆಸಿಸೀಮೆನ್ಸ್ ಏರಿದಂತೆ ಸುಮಾರು ಶೇ. 13ರಷ್ಟು ಕಳೆಯುತ್ತದೆ. ಎಲೆಯ ಅಂಚು ಹಳದಿಯಾಗಿ ಸುಟ್ಟಂತೆ ಕಂಡರೆ ರೋಗಕ್ಕೆ ಔಷಧ ಹುಡುಕುವ ಮೊದಲು ಬಾವಿಯ ನೀರನ್ನು ನಾಲಗೆಗೆ ಹಚ್ಚಿ ನೋಡಿ. ಅಳಿವೆಯಂಚಿನ ಉಪ್ಪುನೀರಿನ ಗದ್ದೆಯಾದ ಗಜನಿ ಭೂಮಿಯಂತೂ ಈ ಬೆಳೆಗೆ ಬೇಡವೇ ಬೇಡ. ಮಳೆಗೆ ಮೇಲ್ಮಣ್ಣಿನ ಉಪ್ಪು ತೊಳೆದುಹೋಗಿ ಸಿಹಿಯಾದಂತೆ ಕಂಡರೂ, ನೆಲ ಒಣಗುತ್ತಿದ್ದಂತೆ ಉಪ್ಪು ಅಡಿಯಿಂದ ಮೇಲೇರುತ್ತದೆ.

ದಿನದ ಲೆಕ್ಕ

ಬೀಜ ಊರಿದ ನಾಲ್ಕೈದು ದಿನಕ್ಕೆ ಮೊಳಕೆ. ನೆಲ 25–30 ಡಿಗ್ರಿ ಬೆಚ್ಚಗಿರುವುದರಿಂದ ನಮ್ಮಲ್ಲಿ ತಡವಾಗುವುದಿಲ್ಲ. ತಿಂಗಳಾಗುವ ಹೊತ್ತಿಗೆ ಹೂವು, ನಲವತ್ತೈದು ದಿನಗಳ ಸುಮಾರಿಗೆ ಮೊದಲ ಕೊಯ್ಲು, ಅಲ್ಲಿಂದ ನಾಲ್ಕೈದು ವಾರ ಕಾಯಿ. ಒಟ್ಟು ಎರಡೂವರೆ ತಿಂಗಳ ಸಂಸಾರ. ಇದರಲ್ಲಿ ಎರಡು ಘಟ್ಟಗಳು ನಾಜೂಕು. ಮೊದಲ ಹದಿನೈದು ದಿನ ಸಸಿ ನೀರಿನಲ್ಲಿ ನಿಲ್ಲಬಾರದು. ಮೂವತ್ತರಿಂದ ಅರವತ್ತನೇ ದಿನದವರೆಗೆ, ಹೂವು ಕಾಯಿಯಾಗುವ ಹೊತ್ತಿನಲ್ಲಿ, ಮಳೆಯೂ ಗಾಢ ಇಬ್ಬನಿಯೂ ಕಡಿಮೆ ಇರಬೇಕು.

ನೈರುತ್ಯ ಮಾನ್ಸೂನ್ ನಮ್ಮ ಕರಾವಳಿಯಿಂದ ಹಿಂದೆ ಸರಿಯುವುದು ಅಕ್ಟೋಬರ್ ಎರಡನೇ ವಾರದ ಹೊತ್ತಿಗೆ. ಆದರೆ ಆಮೇಲೂ ಸಂಜೆಯ ಗುಡುಗುಮಳೆ ಬಿಡುವುದಿಲ್ಲ. ಹಸ್ತ ಮಳೆ ಸೆಪ್ಟೆಂಬರ್ 27ರ ಸುಮಾರಿಗೆ, ಚಿತ್ತೆ ಅಕ್ಟೋಬರ್ 10–11ಕ್ಕೆ, ಸ್ವಾತಿ 24ರ ಹೊತ್ತಿಗೆ. ನಾನು ಹಿಂದೊಮ್ಮೆ ಅಂಕೋಲೆಯ ಕಡೆ ಹೊಯ್ಗೆಯಲ್ಲಿ ಪಾತಿ ಮಾಡುತ್ತಿದ್ದ ಹಿರಿಯಳೊಬ್ಬಳನ್ನು, "ಹಸ್ತದಲ್ಲೇ ಊರಬಹುದಾ ಅಮ್ಮ?" ಎಂದು ಕೇಳಿದ್ದೆ. ಕೆಲಸ ನಿಲ್ಲಿಸದೆಯೇ ಅವಳು ಹೇಳಿದ್ದು ಇಷ್ಟು: "ಚಿತ್ತೆ ಹೋಗ್ಲಿ ತಮಾ. ಕೊಡದಲ್ಲಿ ಹೊಯ್ದ ನೀರು ನಿನ್ನ ಮಾತು ಕೇಳ್ತದೆ, ಮ್ಯಾಲಿಂದ ಬಿದ್ದ ನೀರು ಕೇಳೂದಿಲ್ಲ." ಆ ವರ್ಷ ನಾನು ಕೇಳಲಿಲ್ಲ. ಅದು 2019. ದೀಪಾವಳಿ ಅಕ್ಟೋಬರ್ ಕೊನೆಗೇ ಬಂದಿತ್ತು. ಆ ವಾರದಲ್ಲೇ ಅರಬ್ಬಿ ಸಮುದ್ರದಲ್ಲಿ ಎದ್ದ ಕ್ಯಾರ್ ಚಂಡಮಾರುತ ನಮ್ಮ ಕರಾವಳಿಗೆ ಅಪ್ಪಳಿಸದಿದ್ದರೂ ಅದರ ಮಳೆ ಬಿಡದೆ ಸುರಿಯಿತು. ಹೂ ಬಿಟ್ಟು ನಿಂತಿದ್ದ ಬಳ್ಳಿಗಳ ಬುಡ ಮೂರು ದಿನದಲ್ಲಿ ಮೆತ್ತಗಾಗಿ ಕೊಳೆತವು. ಅಕ್ಟೋಬರ್, ನವೆಂಬರ್ ಅರಬ್ಬಿ ಸಮುದ್ರದ ಚಂಡಮಾರುತದ ಕಾಲವೂ ಹೌದು ಎಂಬುದನ್ನು ಲೆಕ್ಕದಲ್ಲಿ ಇಟ್ಟುಕೊಂಡೇ ಬೀಜ ಊರಬೇಕು.

ಈಗ ನಾನು ಮಾಡುವುದು ಹೀಗೆ. ಎಲ್ಲ ಬೀಜವನ್ನೂ ಒಂದೇ ದಿನ ಊರುವುದಿಲ್ಲ. ಸೆಪ್ಟೆಂಬರ್ ಕೊನೆಯ ವಾರ ಒಂದು ಪಾಲು, ಹದಿನೈದು ದಿನ ಬಿಟ್ಟು ಇನ್ನೊಂದು, ಗದ್ದೆ ಕೊಯ್ದಾದ ಮೇಲೆ ನವೆಂಬರ್ ಮೊದಲ ವಾರ ಮತ್ತೊಂದು. ಮೊದಲಿನದು ಗೆದ್ದರೆ ನವೆಂಬರ್ ನಡುವೆ ಕಾಯಿ, ಸೋತರೆ ಎರಡನೆಯದು ಕೈ ಹಿಡಿಯುತ್ತದೆ. ಮೂರನೆಯದರ ಕಾಯಿ ಡಿಸೆಂಬರ್ ಕೊನೆಯಿಂದ ಜನವರಿ ಮುಗಿಯುವವರೆಗೆ. ಮೂರರಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ಅಕ್ಟೋಬರ್ ನಡುವಿನದನ್ನು ಆರಿಸುತ್ತೇನೆ.

ದೇವಿಮನೆ ಘಾಟಿ ಹತ್ತಿ ಶಿರಸಿ ಸೀಮೆಗೆ ಹೋದರೆ ಲೆಕ್ಕ ಬದಲಾಗುತ್ತದೆ. ಅಲ್ಲಿ ಸುಮಾರು 600 ಮೀಟರ್ ಎತ್ತರ. ಡಿಸೆಂಬರಿನ ಬೆಳಗಿನ ಜಾವ 15 ಡಿಗ್ರಿಗಿಂತ ಕೆಳಗಿಳಿಯುವ ದಿನಗಳಿವೆ. ಬಳ್ಳಿ ಸಾಯುವುದಿಲ್ಲ, ಆದರೆ ಬೆಳವಣಿಗೆ ನಿಧಾನವಾಗುತ್ತದೆ, ಕಾಯಿ ತುಂಬಲು ದುಪ್ಪಟ್ಟು ದಿನ ತೆಗೆದುಕೊಳ್ಳುತ್ತದೆ. ತೋಟದ ತಗ್ಗಿನಲ್ಲಿ ಮಂಜು ಒಂಬತ್ತು ಗಂಟೆಯಾದರೂ ಕರಗುವುದಿಲ್ಲ. ಹಾಗಾಗಿ ಶಿರಸಿ, ಸಿದ್ದಾಪುರ, ಯಲ್ಲಾಪುರದವರು ಅಕ್ಟೋಬರ್ ಮೊದಲ ವಾರದೊಳಗೆ ಊರಿ ಮುಗಿಸಬೇಕು, ಅದೂ ತೋಟದ ತಗ್ಗಿನಲ್ಲಲ್ಲ, ಬಿಸಿಲು ಬೀಳುವ ಎತ್ತರದ ಜಾಗದಲ್ಲಿ.

ದೀಪಾವಳಿ ಹಬ್ಬಕ್ಕೇ ಕಾಯಿ ಬೇಕೆನ್ನುವವರಿಗೆ ಒಂದು ದಾರಿ ಇದೆ. ಸೂರಿನಡಿ ಚಿಕ್ಕ ಪ್ಲಾಸ್ಟಿಕ್ ಕೊಟ್ಟೆಯಲ್ಲೋ ಅಡಿಕೆಹಾಳೆಯ ತುಂಡಿನಲ್ಲೋ ಸಸಿ ಮಾಡಿಕೊಂಡು, ಎರಡೆಲೆ ಆದಾಗ ಮಳೆಯ ಬಿಡುವು ನೋಡಿ ನೆಡುವುದು. ಸೌತೆಯ ಬೇರು ಕದಲಿಕೆಯನ್ನು ಸಹಿಸುವುದಿಲ್ಲ. ಹೆಂಟೆ ಒಡೆಯದಂತೆ ಮಣ್ಣು ಸಮೇತ ಇಳಿಸಬೇಕು. ಸಸಿಗೆ ಹದಿನೈದು ದಿನಕ್ಕಿಂತ ಹೆಚ್ಚು ವಯಸ್ಸಾಗಲು ಬಿಡಬಾರದು.

ಹೊಯ್ಗೆಯಲ್ಲಿ ಕುಣಿ, ಗದ್ದೆಯಲ್ಲಿ ದಿಬ್ಬ

"ಸೌತೆಗೆ ಕುಣಿ ತೆಗೆಯಬೇಕಾ, ಮಣ್ಣು ಏರಿಸಬೇಕಾ?" ಎಂದು ಕೇಳಿದರೆ ಉತ್ತರ ನಿಮ್ಮ ಕಾಲಡಿಯ ಮಣ್ಣಿನಲ್ಲಿದೆ. ಹೊಯ್ಗೆಯಲ್ಲಿ ನೀರು ನಿಲ್ಲುವುದೇ ಇಲ್ಲ. ಅಲ್ಲಿ ಒಂದೂವರೆ ಅಡಿ ಅಗಲದ ತಗ್ಗು ಕುಣಿ ಮಾಡಿ, ಹಟ್ಟಿಗೊಬ್ಬರ ತುಂಬಿ, ಅದರೊಳಗೆ ಊರಬೇಕು. ಹೊಯ್ದ ನೀರು ಬೇರಿನ ಸುತ್ತಲೇ ಉಳಿಯುತ್ತದೆ. ಗದ್ದೆಯ ಜಿಗುಟು ಮಣ್ಣಿನಲ್ಲಿ ಅದೇ ಕುಣಿ ಒಂದು ಗುಡುಗುಮಳೆಗೆ ಸಣ್ಣ ಕೆರೆಯಾಗುತ್ತದೆ. ಅಲ್ಲಿ ಗೇಣುದ್ದ ಎತ್ತರದ ದಿಬ್ಬವೋ ಓಳಿಯೋ ಬೇಕು. ಚೀರೆಕಲ್ಲಿನ ಕೆಂಪುಮಣ್ಣಿಗೆ ಎರಡರ ನಡುವಿನದು ಸಾಕು. ಅಕ್ಟೋಬರಿನ ಮಟ್ಟಿಗೆ ದಿಬ್ಬ, ಮಳೆ ನಿಂತ ಮೇಲೆ ದಿಬ್ಬದ ಬುಡಕ್ಕೆ ಪಾತಿ.

ಸಾಲಿನಿಂದ ಸಾಲಿಗೆ ಐದು ಅಡಿ, ಕುಣಿಯಿಂದ ಕುಣಿಗೆ ಎರಡು ಅಡಿ ಬಿಟ್ಟರೆ ಒಂದು ಗುಂಟೆಯಲ್ಲಿ ಸುಮಾರು ನೂರು ಕುಣಿ. ಮನೆಖರ್ಚಿಗೆ ಹತ್ತು ಕುಣಿ ಧಾರಾಳ. ಕುಣಿಗೆ ಮೂರು ಬೀಜ ಊರಿ, ಎರಡೆಲೆಯಾದಾಗ ಗಟ್ಟಿಯಾದ ಎರಡನ್ನು ಉಳಿಸಿಕೊಳ್ಳಿ. ಹೆಚ್ಚಿನದನ್ನು ಕೀಳಬೇಡಿ, ಚಿವುಟಿ ತೆಗೆಯಿರಿ. ಕಿತ್ತರೆ ಪಕ್ಕದ ಸಸಿಯ ಬೇರೂ ಅಲುಗುತ್ತದೆ.

ಮಳೆಗಾಲ ಮುಗಿದ ನೆಲ ಹಸಿದ ನೆಲ. ನಾಲ್ಕು ತಿಂಗಳ ನೀರು ಸಾರಜನಕವನ್ನೂ ಪೊಟ್ಯಾಶ್, ಸುಣ್ಣ, ಮೆಗ್ನೀಸಿಯಮ್‌ಗಳನ್ನೂ ತೊಳೆದು ಒಯ್ದಿರುತ್ತದೆ. ನಮ್ಮ ಕೆಂಪುಮಣ್ಣು ಹುಳಿಯಾಗುವುದು ಇದರಿಂದಲೇ. ಸೌತೆಗೆ ಬೇಕಾದ ರಸಸಾರ (pH) 6ರಿಂದ 6.8. ನಮ್ಮ ಎಷ್ಟೋ ಹಿತ್ತಲುಗಳಲ್ಲಿ ಅದು 5ರ ಆಸುಪಾಸಿನಲ್ಲಿ ಇರುತ್ತದೆ. ಮಣ್ಣು ಇಷ್ಟು ಹುಳಿಯಾದಾಗ ಗೊಬ್ಬರ ಹಾಕಿದರೂ ಬೇರಿಗೆ ದಕ್ಕುವುದಿಲ್ಲ. ಪರಿಹಾರ ನಮ್ಮ ಅಳಿವೆಯಲ್ಲೇ ಇದೆ. ಅಘನಾಶಿನಿಯ ಬಳಚಿನ ಚಿಪ್ಪು ಸುಟ್ಟು ಮಾಡಿದ ಸುಣ್ಣ. ಬೀಜ ಊರುವ ಎರಡು ಮೂರು ವಾರ ಮೊದಲು ಕುಣಿಗೆ ಒಂದು ಹಿಡಿ ಬೆರೆಸಿಡಿ. ಸುಣ್ಣ ಮತ್ತು ಗೊಬ್ಬರವನ್ನು ಒಂದೇ ದಿನ ಬೆರೆಸಬೇಡಿ, ಸಾರಜನಕ ಅಮೋನಿಯ ಅನಿಲವಾಗಿ ಹಾರಿಹೋಗುತ್ತದೆ. ಹಾಗೆಂದು ಎಲ್ಲ ಕಡೆಯೂ ಸುಣ್ಣ ಬೇಡ. ಚಿಪ್ಪಿನ ಚೂರು ಬೆರೆತ ತೀರದ ಹೊಯ್ಗೆಗೆ ಅದರ ಅಗತ್ಯವಿಲ್ಲ. ಖಚಿತವಾಗಿ ತಿಳಿಯಲು ಮಣ್ಣು ಪರೀಕ್ಷೆ ಮಾಡಿಸುವುದೇ ಸರಿ. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಶಿರಸಿಯಲ್ಲಿದೆ, ಅಲ್ಲಿ ವಿಚಾರಿಸಿ.

ಒಲೆಯ ಬೂದಿ ಪೊಟ್ಯಾಶಿಗೂ ಆಯಿತು, ಹುಳಿ ತಗ್ಗಿಸಲಿಕ್ಕೂ ಆಯಿತು. ಕರಾವಳಿಯಲ್ಲಿ ತೆಂಗಿಗೆ ಹಾಕುವ ಮೀನುಗೊಬ್ಬರವನ್ನು ಸೌತೆಗೆ ಹಾಕುವಾಗ ಮಾತ್ರ ಉಪ್ಪು ಸವರಿದ ಮೀನಿನದ್ದಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

ಗದ್ದೆಯಲ್ಲಿ ಸೌತೆ ಮಾಡುವವರಿಗೆ ಒಂದು ವರವಿದೆ. ತರಕಾರಿ ಹಿತ್ತಲಿನ ಹೊಯ್ಗೆಯಲ್ಲಿ ವರ್ಷ ವರ್ಷವೂ ಬೇರುಗಂಟು ಜಂತುಹುಳು ಹೆಚ್ಚುತ್ತಾ ಹೋಗುತ್ತದೆ. ಬಳ್ಳಿ ಮಧ್ಯಾಹ್ನ ಬಾಡಿ ಸಂಜೆ ಚೇತರಿಸಿಕೊಳ್ಳುತ್ತಿದ್ದರೆ ಒಂದನ್ನು ಕಿತ್ತು ಬೇರು ನೋಡಿ, ಮಣಿ ಪೋಣಿಸಿದಂತೆ ಗಂಟುಗಳಿರುತ್ತವೆ. ನಾಲ್ಕು ತಿಂಗಳು ನೀರು ನಿಂತ ಗದ್ದೆಯಲ್ಲಿ ಗಾಳಿ ಸಿಗದೆ ತರಕಾರಿಯನ್ನು ಕಾಡುವ ಈ ಜಂತುಗಳು ಬಹುಪಾಲು ಸತ್ತಿರುತ್ತವೆ. ಭತ್ತದ ಹಿಂದೆ ಸೌತೆ ಎಂಬ ಹಳೆಯ ಪದ್ಧತಿಗೆ ಇದು ದೊಡ್ಡ ಕಾರಣ.

ಬಳ್ಳಿಯನ್ನು ನೆಲಕ್ಕೆ ಬಿಡಬೇಕೋ ಚಪ್ಪರಕ್ಕೋ? ಹಸಿ ತಿನ್ನುವ ಮುಳ್ಳುಸೌತೆಯನ್ನು ಮೇಲಕ್ಕೇ ಹಬ್ಬಿಸಿ. ಅಡಿಕೆ ದಬ್ಬೆ, ಬಿದಿರಿನ ಗಳ, ತೆಂಗಿನ ನಾರಿನ ಹಗ್ಗ ಸಾಕು. ಎತ್ತರಕ್ಕೆ ಹೋದಷ್ಟೂ ಎಲೆಗೆ ಗಾಳಿಯಾಡುತ್ತದೆ, ಬೇಗ ಒಣಗುತ್ತದೆ. ಬುಡಕ್ಕೆ ದರಕು (ಒಣ ಎಲೆ) ಹೊದೆಸಿ. ಸೌತೆಯ ಬೇರು ಹೆಚ್ಚಿನಂಶ ಮೇಲಿನ ಒಂದು ಅಡಿ ಮಣ್ಣಿನಲ್ಲೇ ಹರಡಿರುತ್ತದೆ. ಅಕ್ಟೋಬರಿನ ಬಿಸಿಲಿಗೆ ಆ ಪದರ ಎರಡೇ ದಿನದಲ್ಲಿ ಒಣಗುತ್ತದೆ.

ಹೆಣ್ಣು ಹೂವಿನ ಕಾಲ

ಈ ಬೆಳೆಯ ಬಗ್ಗೆ ನನಗೆ ಅತಿ ಪ್ರಿಯವಾದ ಸಂಗತಿ ಇದು. ಸೌತೆಬಳ್ಳಿಯಲ್ಲಿ ಗಂಡು ಹೂವು, ಹೆಣ್ಣು ಹೂವು ಬೇರೆ ಬೇರೆ. ಹೂವಿನ ಹಿಂದೆ ಕಿರುಬೆರಳಿನ ಉಗುರಿನಷ್ಟು ಮಿಡಿ ಇದ್ದರೆ ಹೆಣ್ಣು, ಬರೀ ತೊಟ್ಟಿದ್ದರೆ ಗಂಡು. ಮೊದಲು ಬರುವುದೆಲ್ಲ ಗಂಡೇ. "ಹೂವೆಲ್ಲ ಉದುರುತ್ತಿದೆ, ಕಾಯಿ ಕಚ್ಚುತ್ತಿಲ್ಲ" ಎಂದು ಜನ ಗಾಬರಿಯಾಗುವುದು ಆ ದಿನಗಳಲ್ಲೇ. ಒಂದು ವಾರ ಕಾಯಿರಿ.

ಹೆಣ್ಣು ಹೂವು ಎಷ್ಟು ಬರಬೇಕೆಂದು ಬಳ್ಳಿ ಹಗಲಿನ ಉದ್ದವನ್ನೂ ರಾತ್ರಿಯ ತಂಪನ್ನೂ ನೋಡಿ ತೀರ್ಮಾನಿಸುತ್ತದೆ. ಹಗಲು ಉದ್ದವಾಗಿ ಸೆಖೆ ಹೆಚ್ಚಾದಾಗ ಗಂಡು ಹೂವು ಹೆಚ್ಚು, ಹಗಲು ಕುಗ್ಗಿ ರಾತ್ರಿ ತಂಪಾದಾಗ ಹೆಣ್ಣು ಹೂವು ಹೆಚ್ಚು. ಒಳಗೆ ಕೆಲಸ ಮಾಡುವುದು ಎರಡು ಚೋದಕಗಳು. ಎಥಿಲೀನ್ ಹೆಣ್ಣಿನ ಕಡೆ ಎಳೆಯುತ್ತದೆ, ಜಿಬ್ಬರೆಲಿನ್ ಗಂಡಿನ ಕಡೆ. ಬಾಳೆಗೊನೆ ಹಣ್ಣಾಗುವಾಗ ಹೊಮ್ಮುವ ಎಥಿಲೀನ್ ಇದೇ. ಕಾರವಾರದಲ್ಲಿ ಜೂನ್ ಕೊನೆಯ ಹಗಲು ಸುಮಾರು 13 ಗಂಟೆ, ಡಿಸೆಂಬರ್ ಕೊನೆಯ ಹಗಲು ಸುಮಾರು 11 ಗಂಟೆ 15 ನಿಮಿಷ. ಅಕ್ಟೋಬರಿನಲ್ಲಿ ಊರಿದ ಬಳ್ಳಿ ದಿನ ದಿನಕ್ಕೂ ಕುಗ್ಗುವ ಹಗಲನ್ನು ನೋಡುತ್ತಾ ಬೆಳೆಯುತ್ತದೆ. ಅದೇ ಬೀಜ, ಅದೇ ಕೈ, ಅದೇ ಗೊಬ್ಬರ, ಆದರೂ ಈ ಕಾಲದಲ್ಲಿ ಕಾಯಿ ಹೆಚ್ಚು ನಿಲ್ಲುವುದಕ್ಕೆ ಇದೂ ಒಂದು ಕಾರಣ. ಬಳ್ಳಿ ಹಸುರಾಗಲಿ ಎಂದು ಯೂರಿಯಾ ಸುರಿದರೆ ಈ ಲಾಭವೆಲ್ಲ ಹೋಗುತ್ತದೆ. ಎಲೆ ಕೊಡೆಯಂತೆ ಅಗಲವಾಗಿ, ಗಂಡು ಹೂವೇ ತುಂಬಿಕೊಳ್ಳುತ್ತದೆ.

ಹೆಣ್ಣು ಹೂವು ಅರಳಿರುವುದು ಒಂದೇ ದಿನ. ಅಷ್ಟರಲ್ಲಿ ಜೇನುಹುಳು ಒಮ್ಮೆ ಬಂದರೆ ಸಾಲದು, ಎಂಟು ಹತ್ತು ಸಲವಾದರೂ ಬಂದು ಪರಾಗ ಮುಟ್ಟಿಸಬೇಕು. ಕಡಿಮೆಯಾದರೆ ಕೆಲವು ಬೀಜ ಮಾತ್ರ ಕಟ್ಟಿ, ಬೀಜ ಇರುವ ಕಡೆ ಉಬ್ಬಿ, ಇಲ್ಲದ ಕಡೆ ಸೊರಗಿ ಕಾಯಿ ಸೊಟ್ಟಗಾಗುತ್ತದೆ. ಮಳೆಗಾಲದ ಕೊನೆಯ ಕಾಯಿಗಳು ವಕ್ರವಾಗುವುದರಲ್ಲಿ ಇದರ ಪಾಲು ದೊಡ್ಡದು. ಸುರಿಯುವ ಮಳೆಯಲ್ಲಿ ಜೇನು ಗೂಡು ಬಿಡುವುದಿಲ್ಲ, ಪರಾಗವೂ ತೊಯ್ದು ಹಾಳಾಗುತ್ತದೆ. ಅಕ್ಟೋಬರ್ ಬಿಸಿಲು ಬಿದ್ದದ್ದೇ ತುಡುವೆಯೂ ಮಿಸರಿಯೂ ಹಸಿದು ಹೊರಬೀಳುತ್ತವೆ. ಮನೆಯ ಗೋಡೆಬಿರುಕಿನಲ್ಲಿ ಮಿಸರಿ ಜೇನು ಇದ್ದರೆ ದಯವಿಟ್ಟು ಅದನ್ನು ಮುಚ್ಚಬೇಡಿ. ಆ ಪುಟ್ಟ ಹುಳು ಸೌತೆಹೂವಿಗೆ ಹೇಳಿ ಮಾಡಿಸಿದಂತಿದೆ. ಬೇವಿನ ಎಣ್ಣೆಯನ್ನೇ ಸಿಂಪಡಿಸುವುದಿದ್ದರೂ ಹೂವು ಮುಚ್ಚಿದ ಮೇಲೆ, ಸಂಜೆ ಸಿಂಪಡಿಸಿ.

ಜೇನೇ ಇಲ್ಲದ ಜಾಗವಾದರೆ ಬೆಳಿಗ್ಗೆ ಒಂಬತ್ತರೊಳಗೆ ಗಂಡು ಹೂವು ಕಿತ್ತು, ದಳ ಬಿಡಿಸಿ, ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿದರೆ ಆಯಿತು. ಬಲೆಮನೆಯಲ್ಲಿ ಬೆಳೆಯುವವರು ಪರಾಗವಿಲ್ಲದೆಯೇ ಕಾಯಿ ಕಟ್ಟುವ ತಳಿಯ ಬೀಜ ಕೇಳಿ ತರಬೇಕು. ಸಾದಾ ಬೀಜ ಅಲ್ಲಿ ಹೂವಿನಲ್ಲೇ ಮುಗಿಯುತ್ತದೆ.

ಇಬ್ಬನಿ

ನವೆಂಬರ್ ಬಂದಂತೆ ಆಕಾಶ ತಿಳಿಯಾಗುತ್ತದೆ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ ಎಲೆ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲ ಗಾಳಿಗಿಂತ ತಣ್ಣಗಾಗುತ್ತದೆ. ಕಡಲಂಚಿನ ಗಾಳಿಯಲ್ಲಿ ತೇವಕ್ಕೇನು ಕೊರತೆ? ಅದು ಎಲೆಯ ಮೇಲೆ ಹನಿಗಟ್ಟುತ್ತದೆ. ಮಳೆ ನಿಂತಿದೆ, ಎಲೆ ಒಣಗಿದೆ ಎಂದು ನಾವು ತಿಳಿದಿರುತ್ತೇವೆ. ಬಳ್ಳಿಯ ಮಟ್ಟಿಗೆ ದಿನಾ ರಾತ್ರಿ ಮಳೆ.

ಬೂಜು ತುಪ್ಪಟ ರೋಗ ಬರುವುದು ಈ ದಾರಿಯಲ್ಲಿ. ಎಲೆಯ ಮೇಲ್ಭಾಗದಲ್ಲಿ ನರಗಳ ನಡುವೆ ಕೋನಾಕಾರದ ಹಳದಿ ಚುಕ್ಕೆಗಳು ಏಳುತ್ತವೆ. ನರ ದಾಟಲಾಗದೆ ಆ ಮನೆಯೊಳಗೇ ಉಳಿಯುವುದರಿಂದ ಎಲೆ ಚೌಕಳಿ ಬಟ್ಟೆಯಂತೆ ಕಾಣುತ್ತದೆ. ಮುಂಜಾನೆ ಎಲೆ ಮಗುಚಿ ನೋಡಿದರೆ ಅಡಿಯಲ್ಲಿ ಬೂದುನೇರಳೆ ಬಣ್ಣದ ತುಪ್ಪಟ. ಒಂದು ವಾರದಲ್ಲಿ ಬುಡದಿಂದ ತುದಿಯವರೆಗೆ ಸುಟ್ಟಂತಾಗುತ್ತದೆ. ಈ ರೋಗಾಣು ಮೊಳೆತು ಒಳಹೊಕ್ಕಲು ಎಲೆ ಕೆಲವು ಗಂಟೆ ಒದ್ದೆಯಾಗಿರಲೇಬೇಕು. ಎಲೆ ಬೇಗ ಒಣಗಿದರೆ ಅದಕ್ಕೆ ದಾರಿಯೇ ಇಲ್ಲ.

ಅಡಿಕೆ ತೋಟದವರಿಗೆ ಇದನ್ನು ಅರ್ಥಮಾಡಿಸುವುದು ಸುಲಭ. ಅಡಿಕೆಯ ಕೊಳೆರೋಗದ ರೋಗಾಣುವೂ ಸೌತೆಯ ಈ ರೋಗಾಣುವೂ ಒಂದೇ ವರ್ಗದವು, ನಿಜವಾದ ಶಿಲೀಂಧ್ರಗಳಲ್ಲ, ನೀರಬೂಜುಗಳು. ಎರಡಕ್ಕೂ ನೀರೇ ವಾಹನ. ಬೋರ್ಡೋ ದ್ರಾವಣ ಹುಟ್ಟಿದ್ದು ಕೂಡ 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿಗೆ ಬಂದ ಇಂಥದೇ ಬೂಜಿಗಾಗಿ. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಅಡಿಕೆಗೆ ಕಲಸಿದ ಶೇ. 1ರ ದ್ರಾವಣ ಉಳಿಯಿತೆಂದು ಸೌತೆಗೆ ಹೊಡೆಯಬೇಡಿ. ಇದರ ಎಳೆಯ ಎಲೆ ತಾಮ್ರಕ್ಕೆ ಸುಡುತ್ತದೆ.

ಔಷಧಕ್ಕಿಂತ ಮೊದಲು ಜಾಗದ ಆಯ್ಕೆ ಕೆಲಸ ಮಾಡುತ್ತದೆ. ಸೌತೆಯ ಪೂರ್ವಕ್ಕೆ ತೆಂಗಿನ ತೋಟವೋ ಮನೆಯ ಗೋಡೆಯೋ ಇದ್ದರೆ ಎಳೆಬಿಸಿಲು ಹತ್ತು ಗಂಟೆಯವರೆಗೆ ಬೀಳುವುದಿಲ್ಲ, ಇಬ್ಬನಿ ಅಲ್ಲಿಯವರೆಗೂ ಆರುವುದಿಲ್ಲ. ಅದೇ ತೋಟ ಪಶ್ಚಿಮಕ್ಕಿದ್ದರೆ ಎಳೆಬಿಸಿಲಿಗೇ ಎಲೆ ಬೇಗ ಒಣಗುತ್ತದೆ, ಮಧ್ಯಾಹ್ನದ ಉರಿಬಿಸಿಲಿಗೆ ನೆರಳೂ ಸಿಗುತ್ತದೆ. ಸಾಲುಗಳನ್ನು ಉತ್ತರ ದಕ್ಷಿಣವಾಗಿ ಮಾಡಿ. ನೀರನ್ನು ಬೆಳಿಗ್ಗೆಯೇ ಬುಡಕ್ಕೆ ಕೊಡಿ. ಸಂಜೆ ಪೈಪು ಹಿಡಿದು ಎಲೆಗೆ ಚಿಮುಕಿಸುವುದು ರೋಗವನ್ನು ಕರೆದು ಕೂರಿಸಿದಂತೆ. ಚುಕ್ಕೆ ಬಂದ ಬುಡದೆಲೆಗಳನ್ನು ಒಣ ಹೊತ್ತಿನಲ್ಲಿ ಕತ್ತರಿಸಿ ದೂರ ಒಯ್ಯಿರಿ. ಬೀಜ ಕೊಳ್ಳುವಾಗ ಈ ರೋಗ ತಡೆಯುವ ತಳಿ ಯಾವುದೆಂದು ಕೇಳಿ. ಪಾಯಿನ್‌ಸೆಟ್ ಎಂಬ ಹಳೆಯ ತಳಿಗೆ ಆ ಗುಣಕ್ಕಾಗಿಯೇ ಹೆಸರು ಬಂದದ್ದು, ಪೂರ್ತಿ ರಕ್ಷಣೆಯಲ್ಲದಿದ್ದರೂ ರೋಗ ಬರುವುದನ್ನು ತಡ ಮಾಡುತ್ತದೆ.

ಡಿಸೆಂಬರ್ ಕೊನೆಗೆ ಎಲೆಯ ಮೇಲೆ ಹಿಟ್ಟು ಚೆಲ್ಲಿದಂತೆ ಬರುವುದು ಬೂದಿರೋಗ. ಅದು ಬೇರೆಯೇ ಜಾತಿ, ಅದಕ್ಕೆ ಒದ್ದೆ ಎಲೆ ಬೇಕಿಲ್ಲ. ಹೆಚ್ಚಾಗಿ ಮುದಿಬಳ್ಳಿಗೆ ಬರುತ್ತದೆ, ಅಷ್ಟರಲ್ಲಿ ಕೊಯ್ಲು ಬಹುಪಾಲು ಆಗಿರುತ್ತದೆ. ಅದಕ್ಕಾಗಿ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಹುಳುಗಳು

ಎಳೆಸಸಿಯ ಎರಡೆಲೆಯನ್ನು ಜರಡಿ ಮಾಡುವ ಕೆಂಪು ದುಂಬಿಗೆ ಬೂದಿಯೇ ಮದ್ದು. ಇಬ್ಬನಿ ಇರುವಾಗಲೇ ಎರಚಿದರೆ ಅಂಟಿಕೊಳ್ಳುತ್ತದೆ. ರಂಗೋಲಿ ಹುಳು ಎಲೆಯಲ್ಲಿ ಬಿಳಿಗೆರೆ ಎಳೆಯುತ್ತದೆ, ನೋಡಲು ಭಯವಾದರೂ ಬಳ್ಳಿ ತಡೆದುಕೊಳ್ಳುತ್ತದೆ.

ತಡೆಯಲಾಗದ್ದು ಹಣ್ಣುನೊಣ. ಹೆಣ್ಣು ನೊಣ ಎಳೆಮಿಡಿಗೆ ಚುಚ್ಚಿ ಮೊಟ್ಟೆಯಿಡುತ್ತದೆ. ಚುಚ್ಚಿದ ಕಡೆ ಅಂಟು ಒಸರುತ್ತದೆ, ಕಾಯಿ ಅಲ್ಲೇ ಬಾಗುತ್ತದೆ, ಒಳಗೆ ಹುಳ. ಹುಳ ಬೆಳೆದು ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗಿ ಏಳುತ್ತದೆ. ಪೇಟೆಯಲ್ಲಿ ಸಿಗುವ ಮೋಹಕ ಬಲೆ ತರುವಾಗ ಅನೇಕರು ತಪ್ಪುತ್ತಾರೆ. ಮಾವಿನ ನೊಣಕ್ಕೆ ಮಿಥೈಲ್ ಯೂಜಿನಾಲ್, ಸೌತೆ, ಹೀರೆ, ಹಾಗಲದ ನೊಣಕ್ಕೆ ಕ್ಯೂಲೂರ್. ಮಾವಿನ ಬಲೆಯನ್ನು ಸೌತೆ ಚಪ್ಪರಕ್ಕೆ ಕಟ್ಟಿದರೆ ಸೌತೆಯ ನೊಣ ಅತ್ತ ಸುಳಿಯುವುದಿಲ್ಲ. ಬಲೆಗೆ ಬೀಳುವುದು ಗಂಡು ನೊಣ ಮಾತ್ರ ಆದ್ದರಿಂದ ಮೊದಲ ಹೂವು ಕಾಣುವ ಮೊದಲೇ ಕಟ್ಟಬೇಕು. ಬಲೆಗಿಂತ ದೊಡ್ಡ ಕೆಲಸ ಚುಚ್ಚಿದ ಕಾಯಿಗಳನ್ನು ದಿನಾ ಆರಿಸುವುದು. ಅವನ್ನು ಗೊಬ್ಬರಗುಂಡಿಗೆ ಎಸೆದರೆ ನೊಣ ಸಾಕಿದಂತೆಯೇ. ಕೊಟ್ಟೆಯಲ್ಲಿ ಹಾಕಿ ಬಾಯಿ ಬಿಗಿದು ಬಿಸಿಲಿಗಿಡಿ, ಇಲ್ಲವೇ ಎರಡಡಿ ಆಳಕ್ಕೆ ಹೂಳಿ. ಉಳಿಸಿಕೊಳ್ಳಬೇಕೆಂದ ಮಿಡಿಗೆ ಕಾಗದದ ಚೀಲ ತೊಡಿಸಬಹುದು. ನರಕ ಚತುರ್ದಶಿಗೆ ಕಾಲಡಿ ಒಡೆಯುವ ಕಾರೀಟದ ಬಳ್ಳಿ ಬೇಲಿಯಲ್ಲಿದ್ದರೆ ಅದೂ ಸೌತೆಯ ಕುಲದ್ದೇ. ಅದರ ಉದುರಿದ ಕಾಯಿಗಳನ್ನೂ ಆರಿಸಿ.

ಕಹಿಯ ಬಗ್ಗೆಯೂ ಕೇಳುತ್ತಾರೆ. ಕಹಿಗೆ ಕಾರಣ ಕುಕರ್ಬಿಟಾಸಿನ್ ಎಂಬ ವಸ್ತು. ಬಳ್ಳಿ ತನ್ನ ರಕ್ಷಣೆಗೆ ಮಾಡಿಕೊಂಡದ್ದು, ತೊಟ್ಟಿನ ಕಡೆ ಮತ್ತು ಸಿಪ್ಪೆಯಡಿ ಹೆಚ್ಚು. ಬಳ್ಳಿಗೆ ಒಂದು ದಿನ ನೀರು, ಮೂರು ದಿನ ಬರ ಎಂಬಂತಾದರೆ ಹೆಚ್ಚುತ್ತದೆ. ಹೊಯ್ಗೆಯಲ್ಲಿ ದಿನಾ ಸ್ವಲ್ಪ, ಗದ್ದೆಯಲ್ಲಿ ಮೂರು ದಿನಕ್ಕೊಮ್ಮೆ, ಆದರೆ ತಪ್ಪದೆ ನೀರು ಕೊಡಿ. ತೀರಾ ಕಹಿಯಾದ ಕಾಯಿಯನ್ನು ಬೇಯಿಸಿ ಸರಿಮಾಡಲು ಹೋಗಬೇಡಿ. ಅದು ಹೊಟ್ಟೆ ಕೆಡಿಸುತ್ತದೆ, ಬಿಸಾಡಬೇಕು.

ಮೊಗೆಕಾಯಿ ಮತ್ತು ಬೀಜ

ಇಲ್ಲಿಯವರೆಗೆ ಹೇಳಿದ್ದು ಮುಳ್ಳುಸೌತೆಗೆ. ಶಿರಸಿ ಕಡೆ ಮೊಗೆಕಾಯಿ ಎನ್ನುವ, ಬೇರೆಡೆ ಮಂಗಳೂರು ಸೌತೆ ಎನ್ನುವ ಸಾಂಬಾರಿನ ಸೌತೆಯನ್ನೂ ಇದೇ ಕಾಲದಲ್ಲಿ ಬೆಳೆಯಬಹುದು. ಅದನ್ನು ನೆಲದಲ್ಲೇ ಒಣಹುಲ್ಲಿನ ಮೇಲೆ ಹಬ್ಬಲು ಬಿಡಿ. ಹಸುರಾಗಿ ಕೊಯ್ಯದೆ ಎಪ್ಪತ್ತು ದಿನ ದಾಟಿಸಿ, ಬಣ್ಣ ತಿರುಗಿದ ಮೇಲೆ ತೊಟ್ಟು ಸಮೇತ ಕೊಯ್ಯಿರಿ. ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ತೊಲೆಗೆ ನೇತುಹಾಕಿದರೆ ತಿಂಗಳುಗಟ್ಟಲೆ ಇರುತ್ತದೆ, ಮುಂದಿನ ಮಳೆಗಾಲದ ತೆಳ್ಳೇವಿಗೂ (ತೆಳು ದೋಸೆಗೂ) ಹುಳಿಗೂ ಒದಗುತ್ತದೆ.

ಹೆಸರು ಸೌತೆಯಾದರೂ ಮೊಗೆಕಾಯಿ ಸಸ್ಯಶಾಸ್ತ್ರದ ಪ್ರಕಾರ ಸೌತೆಯಲ್ಲ, ಕರಬೂಜದ ಜಾತಿ. ಮುಳ್ಳುಸೌತೆಯ ಜೀವಕೋಶದಲ್ಲಿ 14 ವರ್ಣತಂತುಗಳು, ಇದರಲ್ಲಿ 24. ಹಾಗಾಗಿ ಎರಡನ್ನೂ ಅಕ್ಕಪಕ್ಕ ಬೆಳೆದರೂ ಬೀಜ ಬೆರಕೆಯಾಗುವುದಿಲ್ಲ. ಮೊಗೆಕಾಯಿಯ ಪಕ್ಕ ಇಬ್ಬುಡ್ಲ ಎಂಬ ಕರಬೂಜ ಬೆಳೆದರೆ ಮಾತ್ರ ಬೆರೆಯುತ್ತದೆ, ಅವೆರಡೂ ಒಂದೇ ಜಾತಿ.

ಬೀಜಕ್ಕೆ ಬಿಡುವ ಕಾಯಿಯನ್ನು ಕೊನೆಗೆ ಉಳಿದದ್ದರಲ್ಲಿ ಆರಿಸಬೇಡಿ. ಆರೋಗ್ಯವಾದ ಬಳ್ಳಿಯ ಎರಡನೆಯದೋ ಮೂರನೆಯದೋ ಕಾಯಿಗೆ ದಾರ ಕಟ್ಟಿ ಗುರುತು ಮಾಡಿ. ಇದು ಸಂಕರ ತಳಿಯಲ್ಲದ ಊರಬೀಜಕ್ಕೆ ಮಾತ್ರ. ಒಂದು ಬಳ್ಳಿಗೆ ಒಂದೇ ಬೀಜದಕಾಯಿ ಸಾಕು. ಕಾಯಿ ಬಲಿಯಲು ಬಿಟ್ಟರೆ ಬಳ್ಳಿ ಹೊಸ ಹೂವು ಬಿಡುವುದನ್ನೇ ಕಡಿಮೆ ಮಾಡುತ್ತದೆ. ತಿನ್ನುವ ಕಾಯಿಗಳನ್ನು ಎರಡು ದಿನಕ್ಕೊಮ್ಮೆ ತಪ್ಪದೆ ಕೊಯ್ಯಬೇಕೆನ್ನುವುದೂ ಇದಕ್ಕೇ. ಬೀಜದಕಾಯಿ ಹಳದಿಗಂದಾಗಿ ಮೆತ್ತಗಾದ ಮೇಲೆ ಸೀಳಿ, ತಿರುಳು ಸಮೇತ ಎರಡು ದಿನ ಪಾತ್ರೆಯಲ್ಲಿ ಹುಳಿಯಲು ಬಿಟ್ಟು ತೊಳೆಯಿರಿ. ಜೊಳ್ಳು ತೇಲುತ್ತದೆ, ಗಟ್ಟಿಬೀಜ ತಳ ಸೇರುತ್ತದೆ. ಬೂದಿಯಲ್ಲಿ ಹೊರಳಿಸಿ ನೆರಳಿನಲ್ಲಿ ಒಣಗಿಸಿ. ಮಡಚಿದರೆ ಬಾಗದೆ ಪಟ್ಟನೆ ಮುರಿಯುವಷ್ಟು ಒಣಗಿರಬೇಕು. ನಮ್ಮ ಮಳೆಗಾಲದ ಗಾಳಿಯಲ್ಲಿ ತೆರೆದಿಟ್ಟ ಬೀಜ ಬೂಜು ಹಿಡಿಯುತ್ತದೆ. ರೋಹಿಣಿ ಮಳೆಗೆ ಮೊದಲೇ ಗಾಜಿನ ಬಾಟಲಿಗೆ ಹಾಕಿ, ಮೇಲೊಂದಿಷ್ಟು ಒಣಬೂದಿ ತುಂಬಿ, ಮುಚ್ಚಳ ಬಿಗಿದು, ಊರಿದ ದಿನವನ್ನೂ ಮೊದಲ ಕಾಯಿ ಕೊಯ್ದ ದಿನವನ್ನೂ ಚೀಟಿಯಲ್ಲಿ ಬರೆದು ಅಂಟಿಸಿ ಇಡಿ. ಬರುವ ಚಿತ್ತೆಯಲ್ಲಿ ಆ ಚೀಟಿ ಬೇಕಾಗುತ್ತದೆ.